ಶರ್ಯತ್ತು ಮತ್ತು ಸೂಟಿ: ಉಣಕಲ್ಲಿನಿಂದ ಬ್ರೆಸ್ಟ್‌ವರೆಗಿನ ಒಂದು ಹಾದಿ

ನಮ್ಮ ಕಡೆಯ ಜಾತ್ರೆಯ ಕರಪತ್ರಗಳಲ್ಲಿ ತೇರಿನ ಮುಹೂರ್ತ, ಪ್ರವಚನ, ಮಹಾಪ್ರಸಾದಗಳ ಕೆಳಗೆ ಇನ್ನೊಂದು ಪಟ್ಟಿ ಇರುತ್ತದೆ. ಜಂಗೀ ಕುಸ್ತಿ, ಬಂಡಿ ಶರ್ಯತ್ತು, ಗುಂಡು ಎತ್ತುವುದು, ಸೈಕಲ್ ಶರ್ಯತ್ತು. ಅದನ್ನು ನೋಡಲು ಬರುವವರು ಆ ಊರಿನವರಷ್ಟೇ ಅಲ್ಲ. ಅಮವಾಸ್ಯೆ ಹುಣ್ಣಿಮೆ ಎಣಿಸಿ, ಬೀಗರ ಮನೆಗೆ ಮೊದಲೇ ಹೇಳಿ ಕಳಿಸಿ, ಬುತ್ತಿ ಕಟ್ಟಿಕೊಂಡು ಸುತ್ತಲಿನ ಊರುಗಳಿಂದ ಬರುತ್ತಾರೆ. ಒಂದು ಶರ್ಯತ್ತಿನ ಸುತ್ತ ಎರಡು ದಿನದ ಪ್ರವಾಸವನ್ನು ಕೂಡಿಸಿಕೊಳ್ಳುವ ಕಲೆ ನಮಗೆ ಹೊಸದಲ್ಲ. ಅದಕ್ಕೆ ನಾವು ‘ಪ್ರವಾಸ ಯೋಜನೆ’ ಎಂಬ ಹೆಸರು ಕೊಟ್ಟಿಲ್ಲ, ಅಷ್ಟೆ.

ಈ ಮಾತು ಈಗ ಯಾಕೆಂದರೆ, ಹುಬ್ಬಳ್ಳಿ–ಧಾರವಾಡದ ಸೈಕಲ್ ಸವಾರರ ನಡುವೆ ಕೆಲವು ವರ್ಷಗಳಿಂದ ಫ್ರಾನ್ಸಿನ ಎರಡು ಹೆಸರುಗಳು ಓಡಾಡುತ್ತಿವೆ. ಒಂದು ಟೂರ್ ದ ಫ್ರಾನ್ಸ್, ಇನ್ನೊಂದು ಪ್ಯಾರಿಸ್–ಬ್ರೆಸ್ಟ್–ಪ್ಯಾರಿಸ್. ಮೊದಲನೆಯದನ್ನು ರಸ್ತೆ ಬದಿ ನಿಂತು ನೋಡಬೇಕು, ಎರಡನೆಯದನ್ನು ಸ್ವತಃ ತುಳಿಯಬೇಕು. ಬೆಳಗಿನ ಜಾವ ಉಣಕಲ್ ಕೆರೆಯ ಪಕ್ಕದಲ್ಲಿ ಹೆಲ್ಮೆಟ್ ಹಾಕಿಕೊಂಡು ಧಾರವಾಡದತ್ತ ಸಾಗುವ ಗುಂಪುಗಳಲ್ಲಿ ಇವೆರಡನ್ನೂ ಕನಸಿನಂತೆ ಹೇಳುವವರಿದ್ದಾರೆ, ಲೆಕ್ಕ ಹಾಕಿ ಹೇಳುವವರೂ ಇದ್ದಾರೆ. ವಿಮಾನದ ಟಿಕೆಟ್ ಎಷ್ಟು, ವೀಸಾಕ್ಕೆ ಎಷ್ಟು ದಿನ, ಸೈಕಲ್ಲನ್ನು ಡಬ್ಬಿಯಲ್ಲಿ ಹೇಗೆ ತುಂಬಬೇಕು ಎಂಬ ಮಾತುಕತೆಗಳ ನಡುವೆ ಇತಿಹಾಸದ ವಿದ್ಯಾರ್ಥಿಯಾದ ನನಗೆ ಬೇರೊಂದು ಪ್ರಶ್ನೆ ಕಾಡುತ್ತದೆ. ಸೈಕಲ್ ಶರ್ಯತ್ತು ಯಾವಾಗ ಸೂಟಿಯ ಜೊತೆ ಸೇರಿಕೊಂಡಿತು? ಸೂಟಿ ಎಂಬುದು ಯಾರಿಗೆ, ಹೇಗೆ ಸಿಕ್ಕಿತು? ಇದಕ್ಕೆ ಉತ್ತರ ಹುಡುಕಿದರೆ ನಮ್ಮದೇ ರಸ್ತೆಯ ಇತಿಹಾಸವೂ ಸ್ವಲ್ಪ ಬೇರೆ ಬೆಳಕಿನಲ್ಲಿ ಕಾಣುತ್ತದೆ.

ಪತ್ರಿಕೆಯವರು ಕಟ್ಟಿದ ಜಾತ್ರೆ

ರಸ್ತೆಯ ದೊಡ್ಡ ಸೈಕಲ್ ಪಂದ್ಯಗಳನ್ನು ಹುಟ್ಟಿಸಿದ್ದು ಕ್ರೀಡಾ ಸಂಘಗಳಿಗಿಂತ ಹೆಚ್ಚಾಗಿ ಪತ್ರಿಕೆಗಳು. ‘ಲ ಪೆತಿ ಜೂರ್ನಾಲ್’ ಪತ್ರಿಕೆಯ ಪಿಯೆರ್ ಜಿಫಾರ್ ಎಂಬ ಪತ್ರಕರ್ತ 1891ರಲ್ಲಿ ಒಂದು ಪ್ರಕಟಣೆ ಹೊರಡಿಸಿದ: ಪ್ಯಾರಿಸ್ಸಿನಿಂದ ಅಟ್ಲಾಂಟಿಕ್ ದಂಡೆಯ ಬ್ರೆಸ್ಟ್ ಬಂದರಿಗೆ ಹೋಗಿ ಮರಳಿ ಬರಬೇಕು, ಸುಮಾರು 1,200 ಕಿ.ಮೀ. ಅವನು ಅದನ್ನು ಪಂದ್ಯ ಎನ್ನದೆ ‘ಪರೀಕ್ಷೆ’ ಎಂದು ಕರೆದ. ಸೈಕಲ್ ಎಂಬುದು ಹುಡುಗಾಟದ ಸಾಮಾನಲ್ಲ, ದೂರದ ಪ್ರಯಾಣಕ್ಕೆ ಒದಗುವ ವಾಹನ ಎಂದು ತೋರಿಸುವುದು ಅವನ ಉದ್ದೇಶವಾಗಿತ್ತು. ಪತ್ರಿಕೆಯ ಮಾರಾಟವೂ ಅದರ ಜೊತೆಗಿತ್ತು ಎನ್ನುವುದನ್ನು ಬೇರೆ ಹೇಳಬೇಕಿಲ್ಲ.

ಸೆಪ್ಟೆಂಬರ್ 6ರಂದು ಹೊರಟವರು ಸುಮಾರು 200 ಮಂದಿ. ವಿದೇಶಿಯರಿಗೆ ಪ್ರವೇಶವಿರಲಿಲ್ಲ, ಹೆಸರು ಕೊಟ್ಟಿದ್ದ ಮಹಿಳೆಯರಿಗೂ ಅವಕಾಶ ಸಿಗಲಿಲ್ಲ. ದಾರಿಯುದ್ದಕ್ಕೂ ಗೊತ್ತುಮಾಡಿದ ಊರುಗಳಲ್ಲಿ ನಿಂತು ಪುಸ್ತಿಕೆಯಲ್ಲಿ ಸಹಿ ಮತ್ತು ಮುದ್ರೆ ಹಾಕಿಸಿಕೊಳ್ಳಬೇಕಿತ್ತು. ಗೆದ್ದವನು ಷಾರ್ಲ್ ತೆರೋಂ, 71 ಗಂಟೆ 22 ನಿಮಿಷಗಳಲ್ಲಿ. ಅಷ್ಟು ಹೊತ್ತೂ ಅವನು ಮಲಗಲಿಲ್ಲ. ಅವನಿಗಿಂತ ಮುಂದಿದ್ದ ಜಿಯೆಲ್-ಲಾವಲ್ ಎಂಬಾತ ಒಂದೂರಿನಲ್ಲಿ ನಿದ್ದೆಗೆ ಜಾರಿದಾಗ ತೆರೋಂ ಅವನನ್ನು ದಾಟಿ ಹೋದ. ಮಿಷೆಲಿನ್ ಕಂಪನಿಯ ಗಾಳಿ ತುಂಬುವ, ಕಳಚಿ ತೇಪೆ ಹಾಕಬಹುದಾದ ಹೊಸ ಟೈರುಗಳು ಅವನ ಸೈಕಲ್ಲಿನಲ್ಲಿದ್ದವು. ಇವತ್ತು ಉಣಕಲ್ ಕ್ರಾಸಿನಲ್ಲಿ ಪಂಕ್ಚರ್ ತಿದ್ದುವವನು ಟೈರು ಬಿಚ್ಚಿ, ಟ್ಯೂಬನ್ನು ನೀರಿನ ಬುಟ್ಟಿಯಲ್ಲಿ ಅದ್ದಿ ಗುಳ್ಳೆ ಹುಡುಕುವ ಕೆಲಸದ ಹಿಂದೆ ಇಂಥ ಪಂದ್ಯಗಳಲ್ಲಿ ಪಾಸಾದ ಟೈರಿನ ಕಥೆಯೂ ಇದೆ.

ಈ ಪರೀಕ್ಷೆ ಎಷ್ಟು ಕಠಿಣವೆಂದು ಕಂಡಿತೆಂದರೆ, ಅದನ್ನು ಹತ್ತು ವರ್ಷಕ್ಕೊಮ್ಮೆ ಮಾತ್ರ ನಡೆಸುವುದೆಂದು ತೀರ್ಮಾನವಾಯಿತು. ಮುಂದಿನದು 1901ರಲ್ಲಿ. ಗೆದ್ದವನು ಮೋರಿಸ್ ಗಾರಾಂ. ಹುಡುಗನಾಗಿದ್ದಾಗ ಹೊಗೆಗೂಡು ಗುಡಿಸುವ ಕೆಲಸ ಮಾಡಿದವನು. ಎರಡೇ ವರ್ಷಗಳ ನಂತರ ಅದೇ ಗಾರಾಂ ಮೊದಲ ಟೂರ್ ದ ಫ್ರಾನ್ಸನ್ನೂ ಗೆದ್ದ.

ಟೂರ್ ಹುಟ್ಟಿದ್ದರ ಹಿಂದೆ ರಾಜಕೀಯ ಜಗಳವೊಂದಿದೆ. ದ್ರೇಫುಸ್ ಎಂಬ ಯಹೂದಿ ಸೇನಾಧಿಕಾರಿಯ ಮೇಲೆ ಹೊರಿಸಿದ ಸುಳ್ಳು ದ್ರೋಹದ ಆರೋಪ ಫ್ರಾನ್ಸನ್ನು ಎರಡಾಗಿ ಸೀಳಿತ್ತು. ಆ ಹೊತ್ತಿಗೆ ‘ಲ ವೆಲೊ’ ಎಂಬ ಕ್ರೀಡಾ ಪತ್ರಿಕೆ ನಡೆಸುತ್ತಿದ್ದ ಜಿಫಾರ್ ದ್ರೇಫುಸ್ ಪರ ನಿಂತ. ಅವನ ಪತ್ರಿಕೆಗೆ ಜಾಹೀರಾತು ಕೊಡುತ್ತಿದ್ದ, ವಿರುದ್ಧ ಬಣದ ಉದ್ಯಮಿ ಕೌಂಟ್ ದ ದಿಯೋಂ ಸಿಟ್ಟಿಗೆದ್ದು 1900ರಲ್ಲಿ ಬೇರೆಯೇ ಪತ್ರಿಕೆ ಹೊರಡಿಸಿದ. ಮುಂದೆ ‘ಲೋತೊ’ ಎಂದು ಹೆಸರಾದ ಆ ಪತ್ರಿಕೆಯ ಸಂಪಾದಕ ಆನ್ರಿ ದೆಗ್ರಾಂಜ್. ಮಾರಾಟ ಏರದೆ ಕಂಗೆಟ್ಟಿದ್ದಾಗ ಅವನ ಕಚೇರಿಯ ತರುಣ ಪತ್ರಕರ್ತ ಜಿಯೊ ಲೆಫೆವ್ರ್, ಇಡೀ ಫ್ರಾನ್ಸಿಗೇ ಒಂದು ಸುತ್ತು ಹಾಕಿಸೋಣ ಎಂದ. 1903ರ ಜುಲೈ 1ರಂದು 60 ಮಂದಿ ಹೊರಟರು. ಆರು ಹಂತಗಳಲ್ಲಿ 2,428 ಕಿ.ಮೀ. ಮುಗಿಸಿದವರು 21 ಮಂದಿ. ಪತ್ರಿಕೆಯ ಮಾರಾಟ ಎರಡು ಪಟ್ಟಿಗೂ ಮೀರಿ ಏರಿತು, ಜಿಫಾರ್‌ನ ಪತ್ರಿಕೆ ಮರುವರ್ಷ ಮುಚ್ಚಿತು.

ಗಮನಿಸಬೇಕಾದದ್ದು ಇಷ್ಟು. ಕುಸ್ತಿಯ ಅಖಾಡಕ್ಕೆ ಅಥವಾ ನಾಟಕದ ತಂಬುವಿಗೆ ಟಿಕೆಟ್ ಇರುತ್ತದೆ. ರಸ್ತೆಯ ಪಂದ್ಯಕ್ಕೆ ಇಲ್ಲ. ಅದು ನೋಡುವವನ ಮನೆ ಬಾಗಿಲಿಗೆ ಬಂದು ಹೋಗುತ್ತದೆ. ನಮ್ಮ ತೇರೂ ಹಾಗೆಯೇ. ಉಣಕಲ್ ಸಿದ್ಧಪ್ಪಜ್ಜನ ತೇರು ಎಳೆಯುವಾಗ ಟಿಕೆಟ್ ಕೇಳಿದರೆ ಹೇಗಿರುತ್ತದೆ? ಟೂರ್ ಕೂಡ ಜನರಿಗೆ ಬೇಗ ಹತ್ತಿರವಾದದ್ದು ಈ ಕಾರಣಕ್ಕೆ.

ಕಮ್ಮಾರನ ತಿದಿ, ದೊಂಬನ ಸೈಕಲ್

ಆ ಕಾಲದ ಟೂರಿನಲ್ಲಿ ಎರಡು ಬಗೆಯ ಸವಾರರಿದ್ದರು. ಸೈಕಲ್ ಕಂಪನಿಗಳ ಸಂಬಳದಲ್ಲಿದ್ದವರು ಒಂದು ಬಗೆ. ಸ್ವಂತ ಖರ್ಚಿನಲ್ಲಿ ಬಂದು, ರಾತ್ರಿಯ ಬಿಡಾರವನ್ನೂ ಊಟವನ್ನೂ ತಾವೇ ಹುಡುಕಿಕೊಳ್ಳುತ್ತಿದ್ದವರು ಇನ್ನೊಂದು ಬಗೆ. ಇವರನ್ನು ಫ್ರೆಂಚರು ‘ಪ್ರವಾಸಿ ಸವಾರರು’ ಎಂಬರ್ಥದ ಹೆಸರಿನಿಂದಲೇ ಕರೆದರು. ಅಂದರೆ ವೃತ್ತಿಪರ ಪಂದ್ಯದ ಹೊಟ್ಟೆಯೊಳಗೇ ಪ್ರವಾಸಿಯೊಬ್ಬ ಮೊದಲಿನಿಂದಲೂ ಇದ್ದ.

ಅಂಥವರಲ್ಲಿ ಒಬ್ಬ ಜೂಲ್ ದೆಲೋಫ್ರ್. ದಿನದ ಹಂತ ಮುಗಿದ ಮೇಲೆ ಅವನು ಜನರ ಎದುರು ಕಸರತ್ತು ಮಾಡಿ ಚಿಲ್ಲರೆ ಕೂಡಿಸುತ್ತಿದ್ದ. ಅದೇ ದುಡ್ಡಿನಲ್ಲಿ ರಾತ್ರಿಯ ಕೋಣೆಯ ಬಾಡಿಗೆ ಕೊಡುತ್ತಿದ್ದ. ಇದನ್ನು ಮೊದಲ ಸಲ ಓದಿದಾಗ ನನಗೆ ನೆನಪಾದದ್ದು ನಮ್ಮ ಹಳ್ಳಿಗಳಿಗೆ ಬರುತ್ತಿದ್ದ ಸೈಕಲ್ ಆಟದವರು. ಶಾಲೆಯ ಬಯಲಿನಲ್ಲೋ ಸಂತೆಯ ಕಟ್ಟೆಯ ಬಳಿಯೋ ಒಂದು ಕಂಬ ನೆಟ್ಟು, ದೀಪದ ಸರ ಎಳೆದು, ಹಗಲು ರಾತ್ರಿ ಸೈಕಲ್ಲಿನಿಂದ ಇಳಿಯದೆ ಸುತ್ತು ಹಾಕುವವರು. ಊಟ, ಸ್ನಾನ ಎಲ್ಲ ಸೈಕಲ್ಲಿನ ಮೇಲೆಯೇ. ಸಂಜೆ ಮೈಕಿನಲ್ಲಿ ಹಾಡು, ಕುಣಿತ, ಹಲ್ಲಿನಿಂದ ಟ್ಯೂಬ್‌ಲೈಟ್ ಒಡೆಯುವ ಆಟ. ಮೆಚ್ಚಿದವರು ಅಂಗಿಗೆ ನೋಟು ಚುಚ್ಚುತ್ತಿದ್ದರು. ಅದೇ 1890ರ ದಶಕದಲ್ಲಿ ನ್ಯೂಯಾರ್ಕಿನ ಸಭಾಂಗಣಗಳಲ್ಲಿ ಆರು ದಿನ ಬಿಡದೆ ಸೈಕಲ್ ತುಳಿಯುವ ಪಂದ್ಯಗಳು ನಡೆಯುತ್ತಿದ್ದವು. ಒಂದಕ್ಕೂ ಇನ್ನೊಂದಕ್ಕೂ ನೇರ ಸಂಬಂಧವಿದೆ ಎಂದು ನಾನು ಹೇಳುತ್ತಿಲ್ಲ. ಮನುಷ್ಯ ಎಷ್ಟು ಹೊತ್ತು ನಿದ್ದೆಗೆಡಬಲ್ಲ ಎಂಬುದನ್ನು ಕಣ್ಣಾರೆ ಕಾಣುವ ಆಸೆ ಎರಡೂ ಕಡೆ ಒಂದೇ.

ಆ ಕಾಲದ ಟೂರಿನ ನಿಯಮಗಳೂ ಹಾಗೆಯೇ ಕಟುವಾಗಿದ್ದವು. 1913ರಲ್ಲಿ ಯುಜೀನ್ ಕ್ರಿಸ್ತೋಫ್ ಎಂಬ ಸವಾರ ಪಿರನೀಸ್ ಬೆಟ್ಟದ ತೂರ್ಮಲೆ ಘಟ್ಟ ಇಳಿಯುವಾಗ ಸೈಕಲ್ಲಿನ ಮುಂದಿನ ಫೋರ್ಕ್ ಮುರಿಯಿತು. ಬೇರೆಯವರ ಸಹಾಯ ಪಡೆಯುವಂತಿರಲಿಲ್ಲ. ಸೈಕಲ್ ಹೊತ್ತುಕೊಂಡು ಹತ್ತು ಕಿ.ಮೀ.ಗೂ ಹೆಚ್ಚು ನಡೆದು ಒಂದು ಹಳ್ಳಿಯ ಕಮ್ಮಾರಸಾಲೆ ಮುಟ್ಟಿದ. ಕಬ್ಬಿಣ ಕಾಸಿ, ಬಡಿದು, ತಾನೇ ಬೆಸೆದುಕೊಂಡ. ಎರಡೂ ಕೈಗೆ ಕೆಲಸವಿದ್ದಾಗ ಅಲ್ಲಿದ್ದ ಹುಡುಗನೊಬ್ಬ ತಿದಿ ಊದಿದ. ಅದನ್ನು ನೋಡುತ್ತ ನಿಂತಿದ್ದ ಅಧಿಕಾರಿ, ಹೊರಗಿನ ಸಹಾಯ ಪಡೆದ ತಪ್ಪಿಗೆ ದಂಡ ಬರೆದ. ಫ್ರೆಂಚರು ಇಂದಿಗೂ ಆ ಹಳ್ಳಿಗೆ ಹೋಗಿ ಕಮ್ಮಾರಸಾಲೆ ಇದ್ದ ಜಾಗ ನೋಡಿ ಬರುತ್ತಾರೆ. ಪಂದ್ಯದ ಸುತ್ತ ಪ್ರವಾಸ ಹೂಡುವವರ ಪಟ್ಟಿಯಲ್ಲಿ ಅದೂ ಒಂದು ಕ್ಷೇತ್ರ.

ಸೂಟಿ ಸಿಕ್ಕ ವರ್ಷ

ರಸ್ತೆ ಬದಿಯ ಜನ ಬರೀ ‘ಮನೆ ಮುಂದೆ ಹಾದುಹೋಗುವುದನ್ನು ನೋಡುವವರು’ ಆಗಿದ್ದವರು ‘ಪಂದ್ಯ ಇರುವಲ್ಲಿಗೆ ಹೋಗುವವರು’ ಆಗಬೇಕಾದರೆ ಒಂದು ವಸ್ತು ಬೇಕಿತ್ತು. ಸೈಕಲ್ ಅವರ ಬಳಿ ಆಗಲೇ ಇತ್ತು. ಇಲ್ಲದ್ದು ಬಿಡುವು.

1936ರ ಮೇ ಮತ್ತು ಜೂನ್‌ನಲ್ಲಿ ಫ್ರಾನ್ಸಿನ ಕಾರ್ಮಿಕರು ಕಾರ್ಖಾನೆಗಳ ಒಳಗೇ ಕುಳಿತು ಮುಷ್ಕರ ಹೂಡಿದರು. ಲೆಯೋಂ ಬ್ಲೂಮ್ ಅವರ ಹೊಸ ಸರ್ಕಾರ ಜೂನ್ 20ರಂದು ಸಂಬಳ ಸಹಿತ ಎರಡು ವಾರದ ವಾರ್ಷಿಕ ರಜೆಯ ಕಾಯ್ದೆ ತಂದಿತು. ಲೆಯೊ ಲಗ್ರಾಂಜ್ ಎಂಬ ತರುಣ ಅಧೀನ ಸಚಿವ ರಜೆಗೆ ಹೊರಟವರಿಗೆ ರೈಲಿನಲ್ಲಿ 40 ಪ್ರತಿಶತ ರಿಯಾಯಿತಿ ಕೊಡಿಸಿದ. ಆ ಬೇಸಿಗೆಯಲ್ಲಿ ಸಾವಿರಾರು ಕುಟುಂಬಗಳು ಮೊದಲ ಸಲ ಸಮುದ್ರ ಕಂಡವು. ರೈಲಿಗೂ ದುಡ್ಡಿಲ್ಲದವರು ಇಬ್ಬರು ತುಳಿಯುವ ಜೋಡಿ ಸೈಕಲ್ಲುಗಳ ಮೇಲೆ ಹೊರಟರು. ಆ ಕಾಲದ ಛಾಯಾಚಿತ್ರಗಳಲ್ಲಿ ಎದ್ದು ಕಾಣುವುದು ಈ ಜೋಡಿ ಸೈಕಲ್ಲುಗಳೇ. ಟೂರ್ ನಡೆಯುವುದೂ ಜುಲೈನಲ್ಲಿ. 1930ರಿಂದಲೇ ಸವಾರರ ಮುಂದೆ ಜಾಹೀರಾತಿನ ಬಂಡಿಗಳ ಮೆರವಣಿಗೆ ಸಾಗುತ್ತ ಜನರತ್ತ ಉಡುಗೊರೆ ತೂರುತ್ತಿತ್ತು. ಪಂದ್ಯ, ಬೇಸಿಗೆ, ರಜೆ ಮೂರೂ ಒಂದೇ ರಸ್ತೆಯಲ್ಲಿ ಕೂಡಿದವು. ಇಂದು ಆಲ್ಪ್ಸ್ ಬೆಟ್ಟದ ತಿರುವುಗಳಲ್ಲಿ ಎರಡು ದಿನ ಮೊದಲೇ ಡೇರೆ ಹೊಡೆದು ಕೂಡುವ ಲಕ್ಷಾಂತರ ಜನರ ಹಿಂದೆ ಆ ಮುಷ್ಕರವಿದೆ.

ಇದೇ ಜೂನ್ ತಿಂಗಳಲ್ಲಿ ಜಿನೀವಾದಲ್ಲಿ ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆಯೂ ಸಂಬಳ ಸಹಿತ ರಜೆಯ ಒಡಂಬಡಿಕೆಯೊಂದನ್ನು ಅಂಗೀಕರಿಸಿತು. ಅದರ ಅಲೆ ನಮ್ಮ ದಂಡೆಗೆ ಬಡಿಯಲು ಒಂಬತ್ತು ವರ್ಷ ಹಿಡಿಯಿತು. ವೈಸರಾಯ್ ಮಂಡಳಿಯಲ್ಲಿ ಕಾರ್ಮಿಕ ಸದಸ್ಯರಾಗಿದ್ದ ಡಾ. ಬಿ.ಆರ್. ಅಂಬೇಡ್ಕರ್ ಅವರು ಮಂಡಿಸಿದ ತಿದ್ದುಪಡಿಯಿಂದ 1945ರಲ್ಲಿ ಭಾರತದ ಕಾರ್ಖಾನೆ ಕಾರ್ಮಿಕರಿಗೆ ವರ್ಷಕ್ಕೆ ಹತ್ತು ದಿನಗಳ ಸಂಬಳ ಸಹಿತ ರಜೆ ಬಂತು. 1948ರ ಕಾರ್ಖಾನೆಗಳ ಕಾಯ್ದೆ ಅದನ್ನು ವಿಸ್ತರಿಸಿ, ಪ್ರತಿ 20 ದಿನದ ಕೆಲಸಕ್ಕೆ ಒಂದು ದಿನದ ರಜೆ ಎಂದಿತು. ಹುಬ್ಬಳ್ಳಿಯಲ್ಲಿ ಇದರ ಅರ್ಥ ಬೇಗ ತಿಳಿದದ್ದು ರೈಲ್ವೆ ಕಾರ್ಖಾನೆಯ ಮನೆಗಳಿಗೆ. ಅವರಿಗೆ ರಜೆಯ ಜೊತೆ ರೈಲಿನ ಪಾಸೂ ಇತ್ತು. ಕಾಶಿ, ರಾಮೇಶ್ವರ ನೋಡಿ ಬಂದ ಕಥೆಗಳು ಹುಬ್ಬಳ್ಳಿಯ ಎಷ್ಟೋ ಮನೆಗಳಲ್ಲಿ ರೈಲ್ವೆ ಪಾಸಿನಿಂದಲೇ ಶುರುವಾಗುತ್ತವೆ.

ಆದರೆ ಸೈಕಲ್? ಅದು ನಮ್ಮಲ್ಲಿ ಸೂಟಿಯ ವಾಹನವಾಗಲಿಲ್ಲ, ದುಡಿಮೆಯ ವಾಹನವಾಯಿತು. ಕಾರ್ಖಾನೆಯ ಭೋಂಗಾ ಕೂಗುವ ಹೊತ್ತಿಗೆ ಹ್ಯಾಂಡಲ್ಲಿಗೆ ಬುತ್ತಿಯ ಡಬ್ಬಿ ತೂಗುಹಾಕಿಕೊಂಡು ಹೋಗುವವರು, ಕ್ಯಾರಿಯರಿಗೆ ಹಾಲಿನ ಕ್ಯಾನು ಕಟ್ಟಿಕೊಂಡು ಬರುವವರು, ಪೋಸ್ಟಿನವರು, ಮಾಸ್ತರರು. ಪುರಸಭೆಗೆ ತೆರಿಗೆ ಕಟ್ಟಿ ಸೈಕಲ್ಲಿಗೆ ಬಿಲ್ಲೆ ಹಾಕಿಸಬೇಕಿತ್ತು. ರಾತ್ರಿ ದೀಪವಿಲ್ಲದೆ ಹೋದರೆ, ಡಬಲ್ ರೈಡ್ ಹೊಡೆದರೆ ಪೊಲೀಸರು ಹಿಡಿಯುತ್ತಿದ್ದರು. ಹುಡುಗರ ಪಾಲಿಗೆ ತಾಸಿನ ಲೆಕ್ಕದ ಬಾಡಿಗೆ ಸೈಕಲ್. ಆ ಒಂದು ತಾಸು ಮಾತ್ರ ಅಪ್ಪಟ ಸೂಟಿ. 2006–07ರಲ್ಲಿ ರಾಜ್ಯ ಸರ್ಕಾರ 8ನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡಲು ಶುರುಮಾಡಿದಾಗ ಹಳ್ಳಿಯ ಹೆಣ್ಣುಮಕ್ಕಳು ಸಾಲಾಗಿ ಹೈಸ್ಕೂಲಿಗೆ ಸಾಗುವ ದೃಶ್ಯ ನಮ್ಮ ರಸ್ತೆಗಳಲ್ಲಿ ಮೊದಲ ಬಾರಿಗೆ ಮೂಡಿತು. ಕೋವಿಡ್ ಕಾಲದಲ್ಲಿ ಆ ಯೋಜನೆ ನಿಂತಿತು. ಅದೂ ದೊಡ್ಡ ಸ್ವಾತಂತ್ರ್ಯವೇ. ಆದರೂ ಅದು ಎಲ್ಲಿಗಾದರೂ ತಲುಪುವ ಸೈಕಲ್ಲು, ಸುಮ್ಮನೆ ಹೋಗುವ ಸೈಕಲ್ಲಲ್ಲ.

ಸುಮ್ಮನೆ ಹೋದವರು ಇರಲಿಲ್ಲವೆಂದಲ್ಲ. 1923ರ ಅಕ್ಟೋಬರಿನಲ್ಲಿ ಮುಂಬಯಿಯ ಆರು ಪಾರ್ಸಿ ತರುಣರು ಜಗತ್ತು ಸುತ್ತಲು ಸೈಕಲ್ ಹತ್ತಿದರು. ಅವರಲ್ಲಿ ಆದಿ ಹಕೀಮ್, ಜಾಲ್ ಬಾಪಾಸೋಲಾ, ರುಸ್ತುಮ್ ಭೂಮಗರಾ ಎಂಬ ಮೂವರು 1928ರಲ್ಲಿ ಸುತ್ತು ಮುಗಿಸಿ ಮರಳಿದರು. ಇಂಥ ಸಾಹಸ ಬೆರಳೆಣಿಕೆಯವರದು. ನಮಗಿಲ್ಲಿ ಬೇಕಾದದ್ದು ಸಾಹಸಿಯ ಕಥೆಯಲ್ಲ, ಹದಿನೈದು ದಿನ ರಜೆ ಹಾಕಿ ಹೋಗಿ ಮತ್ತೆ ಸೋಮವಾರ ಕೆಲಸಕ್ಕೆ ಮರಳುವವನ ಕಥೆ.

ಪಂದ್ಯ ಸತ್ತು ಯಾತ್ರೆ ಉಳಿಯಿತು

ಅಂಥವನನ್ನು ಕಾಣಲು ಮತ್ತೆ ಬ್ರೆಸ್ಟ್ ದಾರಿಗೇ ಬರಬೇಕು. ಅಲ್ಲಿ ಪಂದ್ಯದ ಬದಿಗೆ ಇನ್ನೊಂದು ಧಾರೆ ಹರಿಯುತ್ತಿತ್ತು. 1897ರಲ್ಲಿ ಇಟಲಿಯ ಹನ್ನೆರಡು ಮಂದಿ ರೋಮಿನಿಂದ ನೇಪಲ್ಸಿಗೆ 230 ಕಿ.ಮೀ. ದೂರವನ್ನು ಸೂರ್ಯೋದಯದಿಂದ ಸೂರ್ಯಾಸ್ತದೊಳಗೆ ತುಳಿದು ಮುಗಿಸಿದರು. ಅಂಥ ಸವಾರರಿಗೆ ಲ್ಯಾಟಿನ್ನಿನಲ್ಲಿ ‘ಧೈರ್ಯಶಾಲಿ’ ಎಂಬರ್ಥದ ‘ಆಡಾಕ್ಸ್’ ಎಂಬ ಹೆಸರು ನಿಂತಿತು. 1904ರಲ್ಲಿ ದೆಗ್ರಾಂಜ್ ಈ ಕಲ್ಪನೆಯನ್ನು ಫ್ರಾನ್ಸಿಗೆ ತಂದ. ಆ ವರ್ಷವೇ ಹುಟ್ಟಿದ ಆಡಾಕ್ಸ್ ಕ್ಲಬ್ ಪ್ಯಾರಿಸಿಯಾಂ ಮುಂದೆ ಅವನಿಂದ ಬೇರೆಯಾಗಿ, 1921ರಿಂದ ತನ್ನದೇ ಕ್ರಮ ರೂಪಿಸಿತು. ಇಲ್ಲಿ ಗೆಲ್ಲುವುದಿಲ್ಲ, ಸೋಲುವುದಿಲ್ಲ. ಗೊತ್ತಾದ ದೂರವನ್ನು ಗೊತ್ತಾದ ಸಮಯದೊಳಗೆ, ತನ್ನದೇ ವೇಗದಲ್ಲಿ, ಯಾರ ಬೆಂಬಲವಿಲ್ಲದೆ ಮುಗಿಸಬೇಕು. ಮುಗಿಸಿದ್ದಕ್ಕೆ ಒಂದು ಪ್ರಮಾಣಪತ್ರ. ಅದೇ ‘ಬ್ರೆವೆ’.

1931ರಲ್ಲಿ ಎರಡೂ ಧಾರೆಗಳು ಒಂದೇ ರಸ್ತೆಯಲ್ಲಿ ಹರಿದವು. ಮುಂದೆ ವೃತ್ತಿಪರರು, ಅವರಲ್ಲಿ ಗೆದ್ದವನು ಆಸ್ಟ್ರೇಲಿಯಾದ ಹ್ಯೂಬರ್ಟ್ ಓಪರ್‌ಮನ್, 49 ಗಂಟೆ 23 ನಿಮಿಷಗಳಲ್ಲಿ. ಹಿಂದೆ ತಮ್ಮ ಪಾಡಿಗೆ ತುಳಿಯುವ ಪ್ರವಾಸಿಗಳು. 1891ರಲ್ಲಿ ಬಾಗಿಲು ಮುಚ್ಚಿದ್ದ ಪಂದ್ಯದ ದಾರಿಯನ್ನು ಈ ಹಿಂದಿನ ಗುಂಪಿನಲ್ಲಿ ಮಹಿಳೆಯರೂ ಪೂರ್ತಿ ಮಾಡಿದರು. 1951ರಲ್ಲಿ ಮೋರಿಸ್ ದಿಯೊ 39 ಗಂಟೆಯೊಳಗೆ ಮುಗಿಸಿ ಗೆದ್ದ. ವೃತ್ತಿಪರರ ಮಟ್ಟಿಗೆ ಅದೇ ಕೊನೆ. ಆಮೇಲೆ ಒಂದೆರಡು ಸಲ ಪ್ರಯತ್ನಿಸಿದರೂ ಸಾಕಷ್ಟು ಸವಾರರು ಸಿಗಲಿಲ್ಲ. ಎರಡು ರಾತ್ರಿ ನಿದ್ದೆಗೆಟ್ಟು ತುಳಿಯುವುದಕ್ಕೆ ಸಿಗುವ ಸಂಭಾವನೆ ಸಣ್ಣ ಸಣ್ಣ ಪಂದ್ಯಗಳಲ್ಲಿ ಸುಲಭವಾಗಿ ಸಿಗುತ್ತಿತ್ತು.

ದುಡ್ಡಿಗಾಗಿ ತುಳಿಯುವವರು ಬಿಟ್ಟುಹೋದ ರಸ್ತೆಯಲ್ಲಿ ದುಡ್ಡು ಖರ್ಚು ಮಾಡಿ ತುಳಿಯುವವರು ಉಳಿದರು. ಇಂದು ಪ್ಯಾರಿಸ್–ಬ್ರೆಸ್ಟ್–ಪ್ಯಾರಿಸ್ ನಾಲ್ಕು ವರ್ಷಕ್ಕೊಮ್ಮೆ ಆಗಸ್ಟ್‌ನಲ್ಲಿ ನಡೆಯುತ್ತದೆ. ಸುಮಾರು 1,200 ಕಿ.ಮೀ., ಹೆಚ್ಚಿನವರಿಗೆ ಸಮಯದ ಮಿತಿ 90 ಗಂಟೆ. 2019 ಮತ್ತು 2023ರಲ್ಲಿ ಪ್ಯಾರಿಸ್ ಹತ್ತಿರದ ರಾಂಬುಯೆಯಿಂದ ಹೊರಟವರ ಸಂಖ್ಯೆ ಆರು ಸಾವಿರ ಮೀರಿತ್ತು. ದಾರಿಯ ಹಳ್ಳಿಗರು ಮನೆ ಮುಂದೆ ಮೇಜು ಹಾಕಿ ನಡುರಾತ್ರಿಯಲ್ಲೂ ಕಾಫಿ, ನೀರು, ತೆಳು ದೋಸೆಯಂಥ ಕ್ರೇಪ್ ಹಂಚುತ್ತಾರೆ. ಶ್ರೀಶೈಲಕ್ಕೆ ಪಾದಯಾತ್ರೆ ಹೋಗುವವರಿಗೆ ನಮ್ಮ ಹಳ್ಳಿಗಳವರು ಅಂಬಲಿ, ಮಜ್ಜಿಗೆ ಕೊಟ್ಟು, ಬೊಬ್ಬೆ ಎದ್ದ ಕಾಲಿಗೆ ಎಣ್ಣೆ ಹಚ್ಚಿ ಕಳಿಸುವುದನ್ನು ಕಂಡವರಿಗೆ ಇದು ಅಪರಿಚಿತವಲ್ಲ. ಈ ಪಂದ್ಯದ ಹೆಸರಿನಲ್ಲಿ ಒಂದು ಸಿಹಿತಿಂಡಿಯೂ ಫ್ರಾನ್ಸಿನಲ್ಲಿದೆ. ಗಾಲಿಯ ಆಕಾರದ, ನಡುವೆ ಕೆನೆ ತುಂಬಿದ ‘ಪ್ಯಾರಿಸ್–ಬ್ರೆಸ್ಟ್’. ಧಾರವಾಡದವರಿಗೆ ಊರಿನ ಹೆಸರು ಸಿಹಿಗೆ ಅಂಟಿಕೊಳ್ಳುವ ಬಗೆಯನ್ನು ವಿವರಿಸಬೇಕಿಲ್ಲ.

ಭಾರತದಲ್ಲಿ ಬ್ರೆವೆಗಳು ವ್ಯವಸ್ಥಿತವಾಗಿ ಬೆಳೆದದ್ದು 2010ರ ನಂತರ. ಬೆಂಗಳೂರು, ಪುಣೆ, ಮುಂಬಯಿ ಮೊದಲು, ಬಳಿಕ ಹುಬ್ಬಳ್ಳಿಯಂಥ ಊರುಗಳ ಸೈಕಲ್ ಸಂಘಗಳು. 2011ರಲ್ಲಿ ಬ್ರೆಸ್ಟ್ ದಾರಿ ಹಿಡಿದ ಭಾರತೀಯರು ಬೆರಳೆಣಿಕೆಯಷ್ಟು. 2019ರ ಹೊತ್ತಿಗೆ ನೂರಾರು. ಅವರಲ್ಲಿ ಅನೇಕರು ಸಮಯದೊಳಗೆ ಮುಗಿಸಲಾಗಲಿಲ್ಲ. ಎದುರುಗಾಳಿ, ಮುಗಿಯದ ಏರಿಳಿತ, ಬೆಳಗಿನ ಜಾವದ ಚಳಿ ನಮ್ಮ ಬಿಸಿಲಿಗೆ ಹದವಾದ ಮೈಗಳಿಗೆ ಹೊಸದಾಗಿತ್ತು. ನೂರಿಪ್ಪತ್ತು ವರ್ಷ ಹಿಂದೆ ವಿದೇಶಿಯರಿಗೆ ಪ್ರವೇಶವಿಲ್ಲ ಎಂದಿದ್ದ ರಸ್ತೆಯಲ್ಲಿ, ಸೋತಾದರೂ ಸರಿ, ಕನ್ನಡದಲ್ಲಿ ಬೈದುಕೊಳ್ಳುತ್ತ ತುಳಿದವರು ಇದ್ದರು ಎನ್ನುವುದು ಸಣ್ಣ ಸಂಗತಿಯೇನಲ್ಲ.

ಉಣಕಲ್ಲಿನಲ್ಲಿ ಕುಳಿತು ಹಾಕುವ ಲೆಕ್ಕ

ಮುಂದಿನ ಪ್ಯಾರಿಸ್–ಬ್ರೆಸ್ಟ್–ಪ್ಯಾರಿಸ್ 2027ರ ಆಗಸ್ಟ್‌ನಲ್ಲಿ. ಹೋಗಬೇಕೆನ್ನುವವರು ಅದೇ ಋತುವಿನಲ್ಲಿ ನಾಲ್ಕು ಬ್ರೆವೆಗಳನ್ನು ಮುಗಿಸಿರಬೇಕು: 200 ಕಿ.ಮೀ. ಹದಿಮೂರೂವರೆ ಗಂಟೆಯಲ್ಲಿ, 300 ಇಪ್ಪತ್ತು ಗಂಟೆಯಲ್ಲಿ, 400 ಇಪ್ಪತ್ತೇಳರಲ್ಲಿ, 600 ನಲವತ್ತರಲ್ಲಿ. ಹಿಂದಿನ ವರ್ಷ ಹೆಚ್ಚು ದೂರದ ಬ್ರೆವೆ ಮುಗಿಸಿದವರಿಗೆ ಹೆಸರು ನೋಂದಾಯಿಸಲು ಮೊದಲ ಅವಕಾಶ. ಅಂದರೆ ಯೋಜನೆ ಎರಡು ವರ್ಷದ್ದು. ದಾರಿಯಲ್ಲಿ ಹತ್ತಬೇಕಾದ ಒಟ್ಟು ಏರು ಸುಮಾರು 12,000 ಮೀಟರ್. ಬಯಲುಸೀಮೆಯ ನಮ್ಮವರು ಅದಕ್ಕಾಗಿ ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿದು ಹತ್ತುತ್ತಾರೆ.

ಟೂರ್ ನೋಡುವವರ ಲೆಕ್ಕ ಬೇರೆ. ಪಂದ್ಯ ಮೂರು ವಾರದ್ದು, 21 ಹಂತಗಳದ್ದು. ಮುಂದಿನ ಜುಲೈಯ ದಾರಿ ಯಾವುದೆಂದು ಹಿಂದಿನ ಅಕ್ಟೋಬರಿನಲ್ಲಿ ಪ್ಯಾರಿಸ್ಸಿನಲ್ಲಿ ಪ್ರಕಟಿಸುತ್ತಾರೆ. ಸಪಾಟು ರಸ್ತೆಯಲ್ಲಿ ನಿಂತರೆ ಇಡೀ ಗುಂಪು ಕಣ್ಣು ಮಿಟುಕಿಸುವುದರಲ್ಲಿ ದಾಟಿ ಹೋಗುತ್ತದೆ. ಆದ್ದರಿಂದ ಬಲ್ಲವರು ಬೆಟ್ಟದ ಹಂತ ಹಿಡಿಯುತ್ತಾರೆ. ಪಂದ್ಯಕ್ಕೆ ಬಹಳ ಮೊದಲೇ ರಸ್ತೆ ಮುಚ್ಚುವುದರಿಂದ ಹಿಂದಿನ ದಿನವೇ ಮೇಲೇರಿ ಜಾಗ ಹಿಡಿಯಬೇಕು. ಒಂದು ಬೆಟ್ಟ, ಒಂದು ಸಪಾಟು ಹಂತ, ನಡುವೆ ತಾನೇ ಅದೇ ಘಟ್ಟ ಹತ್ತಿ ನೋಡಲು ಎರಡು ದಿನ. ಹತ್ತು ದಿನದ ಪ್ರವಾಸಕ್ಕೆ ಇಷ್ಟು ಸಾಕು. ಎಲ್ಲವನ್ನೂ ನೋಡುತ್ತೇನೆಂದು ಪಂದ್ಯದ ಬೆನ್ನು ಹತ್ತಿದವರು ಕಾರು, ರೈಲುಗಳಲ್ಲೇ ದಿನ ಕಳೆಯುತ್ತಾರೆ.

ಎರಡಕ್ಕೂ ಷೆಂಗೆನ್ ವೀಸಾ ಬೇಕು. ಪ್ರಯಾಣಕ್ಕೆ ಆರು ತಿಂಗಳ ಮೊದಲಿನಿಂದ ಅರ್ಜಿ ಹಾಕಬಹುದು, ಬೆರಳಚ್ಚು ಕೊಡಲು ಬೆಂಗಳೂರಿಗೆ ಹೋಗಬೇಕು. ಬ್ಯಾಂಕಿನ ಲೆಕ್ಕ, ತೆರಿಗೆಯ ಕಾಗದ, ವಿಮೆ, ವಸತಿಯ ಪುರಾವೆ. ಕೆಲಸದಲ್ಲಿರುವವರು ಇವುಗಳ ಜೊತೆ ಇನ್ನೊಂದು ಕಾಗದ ಇಡಬೇಕಾಗುತ್ತದೆ: ಇಂತಿಷ್ಟು ದಿನ ರಜೆ ಕೊಟ್ಟಿದ್ದೇವೆ, ಮರಳಿ ಬಂದು ಕೆಲಸಕ್ಕೆ ಸೇರುತ್ತಾರೆ ಎಂದು ಮಾಲೀಕರು ಬರೆದುಕೊಟ್ಟ ಪತ್ರ. 1936ರ ಚರಿತ್ರೆ ಓದಿದವರಿಗೆ ಈ ಕಾಗದವನ್ನು ಸುಮ್ಮನೆ ದಾಟಿ ಹೋಗುವುದು ಕಷ್ಟ. ಮುಷ್ಕರ ಹೂಡಿ ಪಡೆದ ಹಕ್ಕು ಇಲ್ಲಿ ಅರ್ಹತೆಯ ಪುರಾವೆಯಾಗಿ ನಿಂತಿದೆ. ಯಾರಿಗೆ ರಜೆ ಇದೆಯೋ ಅವರು ದಾಟಬಹುದು. ಬ್ಯಾಂಕಿನವರು, ವೈದ್ಯರು, ಸಾಫ್ಟ್‌ವೇರ್‌ನವರು, ಅಧ್ಯಾಪಕರು ಈ ಗುಂಪುಗಳಲ್ಲಿ ಹೆಚ್ಚಾಗಿ ಕಾಣುವುದು ಬರೀ ದುಬಾರಿ ಸೈಕಲ್ಲಿನ ಕಾರಣದಿಂದಲ್ಲ. ನನ್ನಂಥ ಸಂಶೋಧಕನಿಗೂ ಮಾರ್ಗದರ್ಶಕರ ಸಹಿ, ವಿಶ್ವವಿದ್ಯಾಲಯದ ಮುದ್ರೆ ಸಿಕ್ಕೀತು.

ನನ್ನ ಸೈಕಲ್ಲಿನ ಗಾಲಿ ಸರಿಮಾಡಿಸುವ ಅಂಗಡಿಯ ಕಾಕಾಗೆ ಅದು ಸಿಗುವುದಿಲ್ಲ. ಅವರಿಗೆ ಮಾಲೀಕರಿಲ್ಲ, ರಜೆಯೂ ಇಲ್ಲ. ಅಂಗಡಿ ಮುಚ್ಚಿದ ದಿನ ಗಳಿಕೆ ಇಲ್ಲ. ಕಡ್ಡಿಗಳನ್ನು ಒಂದೊಂದಾಗಿ ಬಿಗಿಮಾಡುತ್ತ ಒಮ್ಮೆ ಅವರು ಕೇಳಿದರು:

“ಅಲ್ಲೆ ಗೆದ್ದರ ಏನ್ ಕೊಡ್ತಾರೋ ತಮ್ಮಾ?”

“ಗೆಲ್ಲೂದಿಲ್ಲ ಕಾಕಾ. ಟೈಮಿನ್ಯಾಗ ಮುಗಿಸಿದವರಿಗೆ ಒಂದ ಪದಕ ಅಷ್ಟ.”

“ಹಂಗಾರ ಅದು ಶರ್ಯತ್ತ ಅಲ್ಲ ಬಿಡು, ಹರಕಿ.”

ಜಿಫಾರ್ ‘ಪರೀಕ್ಷೆ’ ಎಂದದ್ದಕ್ಕೆ ಇದಕ್ಕಿಂತ ಒಳ್ಳೆಯ ಅನುವಾದ ನನಗೆ ಸಿಕ್ಕಿಲ್ಲ.

ಸೈಕಲ್ಲಿನ ಇತಿಹಾಸವನ್ನು ನಾವು ಸಾಮಾನ್ಯವಾಗಿ ಯಂತ್ರದ ಇತಿಹಾಸವಾಗಿ ಓದುತ್ತೇವೆ: ಟೈರು, ಗೇರು, ಕಾರ್ಬನ್ ಫ್ರೇಮು. ಪಂದ್ಯದ ಇತಿಹಾಸವನ್ನು ಗೆದ್ದವರ ಪಟ್ಟಿಯಾಗಿ ಓದುತ್ತೇವೆ. ಬ್ರೆಸ್ಟ್ ದಾರಿ ಹೇಳುವುದೇ ಬೇರೆ. ಪಂದ್ಯಕ್ಕೆ ಜನ ಬಂದದ್ದು ಅವರಿಗೆ ಬಿಡುವು ಸಿಕ್ಕಾಗ. ವೃತ್ತಿಪರರು ಹೋದ ಮೇಲೂ ಆ ದಾರಿ ಉಳಿದದ್ದು ಬಿಡುವಿದ್ದವರು ಅದನ್ನು ಹಿಡಿದುಕೊಂಡದ್ದರಿಂದ. ನಮ್ಮ ರಸ್ತೆಯ ಮೇಲೆ ಸೈಕಲ್ ನೂರು ವರ್ಷಗಳಿಂದ ದುಡಿದಿದೆ. ಅದನ್ನು ತುಳಿದವರಿಗೆ ಬಿಡುವು ಕೊಡುವ ಲೆಕ್ಕ ಇನ್ನೂ ಬಾಕಿ ಇದೆ.

ಆ ಲೆಕ್ಕ ತೀರುವವರೆಗೆ ವೀಸಾ ಬೇಡದ ಒಂದು ಪ್ರವಾಸವನ್ನು ಸೂಚಿಸುತ್ತೇನೆ. ಈ ನಾಡಿನ ಅತ್ಯುತ್ತಮ ಸೈಕಲ್ ಸವಾರರಲ್ಲಿ ಅನೇಕರು ವಿಜಯಪುರ, ಬಾಗಲಕೋಟೆ ಜಿಲ್ಲೆಗಳ ರೈತ ಮನೆಗಳಿಂದ ಬಂದವರು. ಅಲ್ಲಿನ ಕ್ರೀಡಾ ನಿಲಯಗಳ ಮಕ್ಕಳು ಬೆಳಗಿನ ಜಾವ ಹೆದ್ದಾರಿಯಲ್ಲಿ ಸಾಲುಗಟ್ಟಿ ಅಭ್ಯಾಸ ಮಾಡುತ್ತಾರೆ. 2024ರ ಜನವರಿಯಲ್ಲಿ ರಾಷ್ಟ್ರೀಯ ರಸ್ತೆ ಸೈಕ್ಲಿಂಗ್ ಸ್ಪರ್ಧೆ ನಡೆದದ್ದೂ ವಿಜಯಪುರದಲ್ಲೇ. ಹುಬ್ಬಳ್ಳಿಯಿಂದ ಅಲ್ಲಿಗೆ ಸುಮಾರು 200 ಕಿ.ಮೀ., ಅತಿ ಚಿಕ್ಕ ಬ್ರೆವೆಯಷ್ಟೇ ದೂರ. ಶನಿವಾರ ಬೆಳಗಿನ ಜಾವ ಉಣಕಲ್ ಬಿಟ್ಟರೆ ಸಂಜೆಗೆ ಗೋಳಗುಮ್ಮಟ ಕಂಡೀತು. ರವಿವಾರ ರಸ್ತೆ ಬದಿ ನಿಂತು ಆ ಹುಡುಗ ಹುಡುಗಿಯರನ್ನು ನೋಡಿ, ರಾತ್ರಿ ಬಸ್ಸಿನ ಮೇಲೆ ಸೈಕಲ್ ಕಟ್ಟಿಸಿಕೊಂಡು ಮರಳಬಹುದು. ಬುತ್ತಿ ಕಟ್ಟಿಕೊಂಡರೆ ಸಾಕು, ಟಿಕೆಟ್ ಇಲ್ಲ. ಕಾಕಾ ಅವರನ್ನೂ ಕೇಳಿದ್ದೇನೆ. ಒಂದು ದಿನ ಅಂಗಡಿ ಮುಚ್ಚಬೇಕಾಗುತ್ತದೆ, ವಿಚಾರ ಮಾಡುತ್ತೇನೆ ಎಂದಿದ್ದಾರೆ.